ಪುಕ್ಕಟೆ ಸಿಕ್ಕ ತಂತ್ರಾಂಶದ ಬೆಲೆ: ಬ್ರೌಸರ್ ಕಾಳಗದ ಕಥೆ

ಪರೀಕ್ಷೆಯ ಫಲಿತಾಂಶ ನೋಡಲು ಕಂಪ್ಯೂಟರಿನ ಮುಂದೆ ಕುಳಿತಾಗ ನೀವು ಮೊದಲು ಏನು ಮಾಡುತ್ತೀರಿ? ಪರದೆಯ ಮೇಲಿರುವ ಒಂದು ಪುಟ್ಟ ಚಿತ್ರವನ್ನು ಒತ್ತುತ್ತೀರಿ. ಕೂಡಲೇ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಅದರೊಳಗೆ ನಿಮಗೆ ಬೇಕಾದ ಜಾಲತಾಣ ಕಾಣಿಸುತ್ತದೆ. ಆ ಕಿಟಕಿಯನ್ನು ತೆರೆದು ಕೊಡುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಅದನ್ನು ನೀವು ಅಂಗಡಿಯಿಂದ ಕೊಂಡು ತಂದದ್ದಲ್ಲ, ಬಹುಮಟ್ಟಿಗೆ ಆರಿಸಿಕೊಂಡದ್ದೂ ಅಲ್ಲ. ಯಂತ್ರ ಕೈಗೆ ಬರುವಾಗಲೇ ಅದು ಅಲ್ಲಿ ಬಂದು ಕುಳಿತಿತ್ತು.

ಅದು ಅಲ್ಲಿ ಬಂದು ಕುಳಿತದ್ದು ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ಅಮೆರಿಕದ ನ್ಯಾಯಾಲಯಗಳು, ಯುರೋಪಿನ ದಂಡಗಳು, ಕೊರಿಯಾದ ಬ್ಯಾಂಕುಗಳು, ನಮ್ಮದೇ ಕನ್ನಡ ಅಕ್ಷರಗಳು ಎಲ್ಲವೂ ಎದುರಾಗುತ್ತವೆ. ಬನ್ನಿ, ಆ ಕಥೆಯನ್ನು ಮೊದಲಿನಿಂದ ನೋಡೋಣ.

ಜಾಲದ ಹುಟ್ಟು

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತಜ್ಞರು 1989ರ ಮಾರ್ಚ್‌ನಲ್ಲಿ ತಮ್ಮ ಮೇಲಧಿಕಾರಿಗಳ ಮುಂದೆ ಒಂದು ಯೋಜನೆಯನ್ನಿಟ್ಟರು. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಚದುರಿಹೋಗಿರುವ ಕಾಗದಪತ್ರಗಳನ್ನು ಒಂದಕ್ಕೊಂದು ಹೆಣೆದುಬಿಟ್ಟರೆ ಯಾರು ಎಲ್ಲಿಂದ ಬೇಕಾದರೂ ಓದಬಹುದು ಎಂಬುದೇ ಆ ಯೋಜನೆ. 1990ರಲ್ಲಿ ಅವರೇ ಮೊತ್ತಮೊದಲ ಬ್ರೌಸರನ್ನು ಬರೆದರು. ಅದರಲ್ಲಿ ಪುಟಗಳನ್ನು ಓದಬಹುದಾಗಿತ್ತು, ಹೊಸ ಪುಟಗಳನ್ನು ಬರೆಯಲೂಬಹುದಾಗಿತ್ತು.

ಇಲ್ಲಿ ಒಂದು ದಿನಾಂಕವನ್ನು ನೆನಪಿಟ್ಟುಕೊಳ್ಳಿ: 1993ರ ಏಪ್ರಿಲ್ 30. ಅಂದು ಸರ್ನ್ ಸಂಸ್ಥೆ ಈ ಜಾಲದ ತಂತ್ರಾಂಶವನ್ನು ಸಾರ್ವಜನಿಕರ ಸ್ವತ್ತೆಂದು ಬಿಟ್ಟುಕೊಟ್ಟಿತು. ಊರ ಮುಂದಿನ ಕೆರೆಯಂತೆ ಅದು ಎಲ್ಲರದ್ದಾಯಿತು. ಮುಂದೆ ನಡೆದ ಕಾಳಗವೆಲ್ಲ ಆ ಕೆರೆಗೆ ಇಳಿಯುವ ಮೆಟ್ಟಿಲು ಯಾರ ಕೈಯಲ್ಲಿರಬೇಕು ಎಂಬುದಕ್ಕಾಗಿ.

ಅದೇ 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಮಾರ್ಕ್ ಆಂಡ್ರೀಸನ್ ಎಂಬ ವಿದ್ಯಾರ್ಥಿಯೂ ಎರಿಕ್ ಬೀನಾ ಎಂಬ ತಂತ್ರಜ್ಞರೂ ಸೇರಿ ಮೊಸಾಯಿಕ್ ಎಂಬ ಬ್ರೌಸರನ್ನು ತಯಾರಿಸಿದರು. ಅಕ್ಷರಗಳ ನಡುವೆಯೇ ಚಿತ್ರಗಳನ್ನೂ ತೋರಿಸುತ್ತಿದ್ದ ಅದು ಸಾಮಾನ್ಯ ಜನರಿಗೂ ಹಿಡಿಸಿತು. ವಿಜ್ಞಾನಿಗಳ ಸಾಧನವಾಗಿದ್ದ ಜಾಲ ಮನೆಮನೆಗೆ ಬರಲು ಇದೇ ನಾಂದಿ.

ನೆಟ್‌ಸ್ಕೇಪಿನ ಉದಯ

ಸಿಲಿಕಾನ್ ಗ್ರಾಫಿಕ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿ ಹೆಸರು ಮಾಡಿದ್ದ ಜಿಮ್ ಕ್ಲಾರ್ಕ್ ಅವರು 1994ರಲ್ಲಿ ಆಂಡ್ರೀಸನ್ ಅವರೊಡನೆ ಕೂಡಿ ಹೊಸ ಕಂಪನಿಯೊಂದನ್ನು ತೆರೆದರು. ಅದೇ ಮುಂದೆ ನೆಟ್‌ಸ್ಕೇಪ್ ಎನಿಸಿಕೊಂಡಿತು. 1994ರ ಡಿಸೆಂಬರಿನಲ್ಲಿ ಅದರ ನ್ಯಾವಿಗೇಟರ್ ಬ್ರೌಸರ್ ಹೊರಬಂದಿತು. ವಿದ್ಯಾರ್ಥಿಗಳಿಗೆ ಪುಕ್ಕಟೆ, ವ್ಯಾಪಾರ ಸಂಸ್ಥೆಗಳಿಗೆ ಬೆಲೆ ಎಂಬುದು ಅದರ ಲೆಕ್ಕಾಚಾರ.

1995ರ ಆಗಸ್ಟ್ 9ರಂದು ನೆಟ್‌ಸ್ಕೇಪಿನ ಷೇರುಗಳು ಮಾರುಕಟ್ಟೆಗೆ ಬಂದವು. 28 ಡಾಲರಿಗೆ ನೀಡಿದ ಷೇರು ಅಂದು ಸಂಜೆ 58.25 ಡಾಲರಿನಲ್ಲಿ ನಿಂತಿತು. ಇನ್ನೂ ಲಾಭ ಕಾಣದ ಕಂಪನಿಗೆ ಒಂದೇ ದಿನದಲ್ಲಿ ಇಂಥ ಬೆಲೆ! ಇದಾದ ಆರೇ ದಿನಕ್ಕೆ, 1995ರ ಆಗಸ್ಟ್ 15ರಂದು, ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ಆರಂಭಿಸಿತು. ಅಂದರೆ ಭಾರತೀಯರು ಜಾಲದ ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ ಆ ಬಾಗಿಲಿಗಾಗಿ ಹೊಡೆದಾಟ ಮೊದಲಾಗಿತ್ತು.

ಮೈಕ್ರೋಸಾಫ್ಟ್ ಎಚ್ಚೆತ್ತಿತು

ಆ ಕಾಲಕ್ಕೆ ಮನೆ ಮತ್ತು ಕಚೇರಿಗಳ ಪರ್ಸನಲ್ ಕಂಪ್ಯೂಟರುಗಳಲ್ಲಿ ಬಹುಪಾಲು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಕಾರ್ಯಾಚರಣೆ ತಂತ್ರಾಂಶದಿಂದಲೇ ನಡೆಯುತ್ತಿದ್ದವು. ಹಾಗಿದ್ದ ಮೇಲೆ ಒಂದು ಬ್ರೌಸರಿಗೆ ಅದು ಹೆದರಬೇಕಾದದ್ದೇಕೆ?

ಒಂದು ಉದಾಹರಣೆಯಿಂದ ತಿಳಿಯೋಣ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಂದಿಗೆ 1996ರಲ್ಲಿ ಹಾಟ್‌ಮೇಲ್ ಸೇವೆಯನ್ನು ಆರಂಭಿಸಿದರು. ಅದಕ್ಕೆ ಬೇರೆ ತಂತ್ರಾಂಶ ಬೇಕಿರಲಿಲ್ಲ. ಬ್ರೌಸರ್ ಇದ್ದರೆ ಸಾಕು, ಯಾವ ಊರಿನ ಯಾವ ಕಂಪ್ಯೂಟರಿನಿಂದಲಾದರೂ ನಿಮ್ಮ ಅಂಚೆಯನ್ನು ನೋಡಬಹುದಿತ್ತು. ಇಂದು ಅಂಚೆ, ನಾಳೆ ಲೆಕ್ಕಪತ್ರ, ನಾಡಿದ್ದು ಇಡೀ ಕಚೇರಿಯ ಕೆಲಸ ಹೀಗೆಯೇ ನಡೆಯುವಂತಾದರೆ ಒಳಗಿರುವುದು ವಿಂಡೋಸೋ ಮತ್ತೊಂದೋ ಎಂದು ಯಾರು ಕೇಳುತ್ತಾರೆ? ಈ ಅಪಾಯವನ್ನು ಬಿಲ್ ಗೇಟ್ಸ್ ಬೇಗ ಅರಿತರು. 1995ರ ಮೇ 26ರಂದು ಅವರು ತಮ್ಮ ಅಧಿಕಾರಿಗಳಿಗೆ ಬರೆದ ದೀರ್ಘ ಟಿಪ್ಪಣಿಯಲ್ಲಿ ಇಂಟರ್ನೆಟ್ಟನ್ನು ಉಕ್ಕಿಬರುವ ಅಲೆಗೆ ಹೋಲಿಸಿದ್ದರು. ಹಾಟ್‌ಮೇಲನ್ನೂ 1997ರ ಕೊನೆಯಲ್ಲಿ ಮೈಕ್ರೋಸಾಫ್ಟೇ ಕೊಂಡುಕೊಂಡಿತು.

ಬ್ರೌಸರ್ ಬರೆಯಲು ಪುರಸೊತ್ತಿಲ್ಲದ ಮೈಕ್ರೋಸಾಫ್ಟ್ ಮೊದಲಿಗೆ ಸ್ಪೈಗ್ಲಾಸ್ ಎಂಬ ಸಣ್ಣ ಕಂಪನಿಯಿಂದ ಪರವಾನಗಿ ಪಡೆಯಿತು. ಮೊಸಾಯಿಕ್ ಹೆಸರಿನ ಹಕ್ಕನ್ನು ಇಲಿನಾಯ್ ವಿಶ್ವವಿದ್ಯಾಲಯದಿಂದ ಪಡೆದಿದ್ದ ಕಂಪನಿ ಅದು. ಹೀಗೆ 1995ರ ಆಗಸ್ಟಿನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹುಟ್ಟಿತು. ಮಾರಾಟದ ಹಣದಲ್ಲಿ ಸ್ಪೈಗ್ಲಾಸಿಗೆ ಪಾಲು ಸಿಗಬೇಕೆಂಬುದು ಒಪ್ಪಂದ. ಆದರೆ ಮೈಕ್ರೋಸಾಫ್ಟ್ ಬ್ರೌಸರನ್ನು ಮಾರಲೇ ಇಲ್ಲ, ಪುಕ್ಕಟೆ ಹಂಚಿತು! ಜಗಳವಾಗಿ, 1997ರಲ್ಲಿ 80 ಲಕ್ಷ ಡಾಲರ್ ಕೊಟ್ಟು ಅದನ್ನು ಬಗೆಹರಿಸಿಕೊಂಡಿತು.

ಪುಕ್ಕಟೆ ಕೊಟ್ಟರೆ ತಪ್ಪೇನು ಎಂದು ನೀವು ಕೇಳಬಹುದು. ಒಂದು ಊರನ್ನು ಊಹಿಸಿಕೊಳ್ಳಿ. ಅಲ್ಲಿ ಇರುವುದೊಂದೇ ಅಕ್ಕಿಯಂಗಡಿ. ಸಂತೆಯಲ್ಲಿ ಒಬ್ಬಾತ ಒಳ್ಳೆಯ ಉಪ್ಪು ಮಾರುತ್ತಿದ್ದಾನೆ. ಒಂದು ದಿನ ಅಕ್ಕಿಯಂಗಡಿಯವರು ಪ್ರತಿ ಮೂಟೆಯ ಜೊತೆಗೆ ಒಂದು ಸೇರು ಉಪ್ಪನ್ನು ಕೊಸರಾಗಿ ಕೊಡತೊಡಗುತ್ತಾರೆ. ಉಪ್ಪು ಬೇಡ ಎಂದರೂ ಬಿಡರು. ಕೊಳ್ಳುವವರಿಗೆ ಸಂತೋಷವೇ. ಆದರೆ ಉಪ್ಪಿನವನು ಗಂಟುಮೂಟೆ ಕಟ್ಟಿ ಹೊರಟ ಮೇಲೆ ಆ ಅಂಗಡಿಯವರು ಎಂಥ ಉಪ್ಪು ಕೊಟ್ಟರೂ ತಿನ್ನಬೇಕಷ್ಟೆ!

ಮೈಕ್ರೋಸಾಫ್ಟಿನ ಕಾಣಿಕೆಯ ಹಿಂದೆ ಕಟ್ಟುಪಾಡುಗಳೂ ಇದ್ದವು. 1996ರಲ್ಲಿ ಕಾಂಪ್ಯಾಕ್ ಎಂಬ ದೊಡ್ಡ ಕಂಪ್ಯೂಟರ್ ತಯಾರಕರು ಎಕ್ಸ್‌ಪ್ಲೋರರಿನ ಚಿತ್ರವನ್ನು ತೆಗೆದು ನೆಟ್‌ಸ್ಕೇಪನ್ನು ಮುಂದಿಟ್ಟಾಗ, ವಿಂಡೋಸ್ ಪರವಾನಗಿಯನ್ನೇ ರದ್ದು ಮಾಡುವುದಾಗಿ ಮೈಕ್ರೋಸಾಫ್ಟ್ ಎಚ್ಚರಿಸಿತು. ಕಾಂಪ್ಯಾಕ್ ಆ ಚಿತ್ರವನ್ನು ಮತ್ತೆ ಇದ್ದಲ್ಲಿಯೇ ಇಟ್ಟಿತು.

ಆದರೂ ನಾವು ನ್ಯಾಯವಾಗಿ ಮಾತನಾಡಬೇಕು. ಎಕ್ಸ್‌ಪ್ಲೋರರ್ ಬರಬರುತ್ತಾ ನಿಜಕ್ಕೂ ಉತ್ತಮವಾಯಿತು. 1999ರ ಐದನೆಯ ಆವೃತ್ತಿಯಲ್ಲಿ ಪುಟವನ್ನು ಮತ್ತೆ ತೆರೆಯದೆಯೇ ಅದರೊಳಗಿನ ಮಾಹಿತಿಯನ್ನಷ್ಟೇ ಬದಲಿಸುವ ವಿದ್ಯೆ ಬಂದಿತು. ಇಂದಿನ ನಕ್ಷೆ, ಅಂಚೆ ಸೇವೆಗಳೆಲ್ಲ ಅದಕ್ಕೆ ಋಣಿ. ಇತ್ತ ನೆಟ್‌ಸ್ಕೇಪ್ ತನ್ನ ತಂತ್ರಾಂಶವನ್ನು ಬುಡದಿಂದ ಹೊಸದಾಗಿ ಬರೆಯಲು ಹೊರಟು ಅಮೂಲ್ಯ ಕಾಲವನ್ನು ಕಳೆದುಕೊಂಡಿತು. ಆದ್ದರಿಂದ ಅದರ ಸೋಲಿಗೆ ಹಗೆಯ ಬಲವೊಂದೇ ಕಾರಣವಲ್ಲ, ತನ್ನ ಎಡವಟ್ಟೂ ಕಾರಣ. 1998ರ ನವೆಂಬರಿನಲ್ಲಿ ಅಮೆರಿಕ ಆನ್‌ಲೈನ್ ಕಂಪನಿ ನೆಟ್‌ಸ್ಕೇಪನ್ನು 420 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ಕೊಳ್ಳುವುದಾಗಿ ಪ್ರಕಟಿಸಿತು.

ಸೋಲುವ ಮುನ್ನ ನೆಟ್‌ಸ್ಕೇಪ್ ಒಂದು ಬೀಜವನ್ನು ನೆಟ್ಟು ಹೋಯಿತು. 1998ರ ಮಾರ್ಚ್ 31ರಂದು ತನ್ನ ಬ್ರೌಸರಿನ ಮೂಲ ಬರಹವನ್ನೇ ಲೋಕದ ಮುಂದೆ ತೆರೆದಿಟ್ಟಿತು. ಮೊಜಿಲ್ಲಾ ಯೋಜನೆ ಮೊಳೆತದ್ದು ಅಲ್ಲಿಂದ.

ನ್ಯಾಯಾಲಯದ ಕಟಕಟೆಯಲ್ಲಿ

ಅಮೆರಿಕದಲ್ಲಿ 1890ರಿಂದಲೂ ಶೆರ್ಮನ್ ಕಾಯಿದೆ ಎಂಬುದೊಂದಿದೆ. ದೊಡ್ಡದಾಗಿ ಬೆಳೆಯುವುದನ್ನು ಅದು ತಪ್ಪೆನ್ನುವುದಿಲ್ಲ. ಏಕಸ್ವಾಮ್ಯದ ಬಲದಿಂದ ಇತರರ ದಾರಿಗೆ ಅಡ್ಡ ನಿಲ್ಲುವುದನ್ನು ತಪ್ಪೆನ್ನುತ್ತದೆ. ಇದೇ ಕಾಯಿದೆಯಡಿ 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಎಂಬ ಎಣ್ಣೆ ಕಂಪನಿಯನ್ನು ಒಡೆಯಲಾಗಿತ್ತು. 1998ರ ಮೇ 18ರಂದು ಅಮೆರಿಕ ಸರಕಾರವೂ ಹಲವು ರಾಜ್ಯಗಳೂ ಅದೇ ಕಾಯಿದೆಯನ್ನು ಹಿಡಿದು ಮೈಕ್ರೋಸಾಫ್ಟಿನ ಮೇಲೆ ದಾವೆ ಹೂಡಿದವು.

ಬ್ರೌಸರನ್ನು ವಿಂಡೋಸಿನಿಂದ ಬೇರ್ಪಡಿಸಲಾಗದು ಎಂಬುದು ಕಂಪನಿಯ ವಾದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಅದನ್ನು ತೆಗೆದುಹಾಕುವ ಒಂದು ತಂತ್ರಾಂಶವನ್ನು ಬರೆದು ತೋರಿಸಿದರು. ಹಾಗೆ ತೆಗೆದರೆ ವಿಂಡೋಸ್ ಕುಂಟುತ್ತದೆಂದು ಸಾಬೀತುಪಡಿಸಲು ಮೈಕ್ರೋಸಾಫ್ಟ್ 1999ರ ಫೆಬ್ರವರಿಯಲ್ಲಿ ಒಂದು ವಿಡಿಯೋವನ್ನು ಪ್ರದರ್ಶಿಸಿತು. ಸರಕಾರದ ವಕೀಲ ಡೇವಿಡ್ ಬಾಯ್ಸ್ ಆ ವಿಡಿಯೋದ ಒಳಗಿನ ಹೊಂದಿಕೆಯಿಲ್ಲದ ದೃಶ್ಯಗಳನ್ನು ಒಂದೊಂದಾಗಿ ಎತ್ತಿ ತೋರಿಸಿದಾಗ ಕಂಪನಿಗೆ ಮುಖಭಂಗವಾಯಿತು.

ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಅವರು 2000ದ ಜೂನ್ 7ರಂದು ಮೈಕ್ರೋಸಾಫ್ಟನ್ನು ಎರಡು ಕಂಪನಿಗಳಾಗಿ ಒಡೆಯಬೇಕೆಂದು ಆದೇಶಿಸಿದರು. ಆದರೆ 2001ರ ಜೂನ್ 28ರಂದು ಮೇಲ್ಮನವಿ ನ್ಯಾಯಾಲಯ ಈ ಆದೇಶವನ್ನು ರದ್ದುಗೊಳಿಸಿತು. ಮೊಕದ್ದಮೆಯ ಬಗ್ಗೆ ನ್ಯಾಯಾಧೀಶರು ಪತ್ರಕರ್ತರೊಡನೆ ಗುಟ್ಟಾಗಿ ಮಾತನಾಡಿದ್ದನ್ನೂ ಅದು ಕಟುವಾಗಿ ಟೀಕಿಸಿತು. ಆದರೂ ಮೈಕ್ರೋಸಾಫ್ಟ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿತೆಂಬ ಮುಖ್ಯ ತೀರ್ಮಾನವನ್ನು ಎತ್ತಿಹಿಡಿಯಿತು. ಕಡೆಗೆ ರಾಜಿಯಾಯಿತು, 2002ರ ನವೆಂಬರಿನಲ್ಲಿ ನ್ಯಾಯಾಲಯದ ಒಪ್ಪಿಗೆಯೂ ದೊರೆಯಿತು. ಕಂಪನಿ ಒಡೆಯಲಿಲ್ಲ. ಆದರೆ ಕಂಪ್ಯೂಟರ್ ತಯಾರಕರ ಕೈ ಕಟ್ಟುವ ಹಳೆಯ ಷರತ್ತುಗಳು ಹೋದವು.

ಕಚೇರಿಗಳು ಸಿಕ್ಕಿಬಿದ್ದ ಬಗೆ

ಎದುರಾಳಿ ಇಲ್ಲವಾದ ಮೇಲೆ ಏನಾಯಿತು? ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ 2001ರಲ್ಲಿ ಬಂದಿತು. ಏಳನೆಯದು ಬಂದದ್ದು 2006ರಲ್ಲಿ. ಒಂಬತ್ತು ಪಾಲಿಗೂ ಹೆಚ್ಚು ಜನ ಬಳಸುತ್ತಿದ್ದ ಬ್ರೌಸರ್ ಐದು ವರ್ಷ ನಿಂತಲ್ಲೇ ನಿಂತಿತು. ನಮ್ಮ ಉಪ್ಪಿನ ಕಥೆಯನ್ನು ಇಲ್ಲಿ ನೆನೆಯಿರಿ.

ಈ ಐದು ವರ್ಷಗಳಲ್ಲಿಯೇ ಲೋಕದ ಬ್ಯಾಂಕುಗಳು, ಕಾರ್ಖಾನೆಗಳು, ಸರಕಾರಿ ಇಲಾಖೆಗಳು ತಮ್ಮ ರಜೆ ಅರ್ಜಿ, ಸಂಬಳದ ಲೆಕ್ಕ, ಉಗ್ರಾಣದ ದಾಖಲೆಗಳನ್ನೆಲ್ಲ ಬ್ರೌಸರಿನೊಳಗೆ ತಂದವು. ಬರೆಯುವವರು ಲೋಕದ ಪ್ರಮಾಣವೇನೆಂದು ನೋಡದೆ, ಆರನೆಯ ಎಕ್ಸ್‌ಪ್ಲೋರರಿನಲ್ಲಿ ನಡೆದರೆ ಸಾಕೆಂದು ಬರೆದರು. ಆಕ್ಟಿವ್‌ಎಕ್ಸ್ ಎಂಬ, ಆ ಬ್ರೌಸರಿಗೆ ಮಾತ್ರ ತಿಳಿಯುವ ಜೋಡಣೆಗಳನ್ನು ಧಾರಾಳವಾಗಿ ಬಳಸಿದರು. ಬ್ರೌಸರ್ ಬದಲಿಸಿದರೆ ಕಚೇರಿಯ ಕೆಲಸವೇ ನಿಲ್ಲುವಂತಾಯಿತು.

2010ರಲ್ಲಿ ಬ್ರಿಟನ್ನಿನ ಸಾವಿರಾರು ಪ್ರಜೆಗಳು ಸರಕಾರಿ ಕಚೇರಿಗಳಿಂದ ಈ ಹಳೆಯ ಬ್ರೌಸರನ್ನು ತೆಗೆಯಿರೆಂದು ಮನವಿ ಸಲ್ಲಿಸಿದರು. ಎಲ್ಲ ತಂತ್ರಾಂಶಗಳನ್ನೂ ಮತ್ತೆ ಪರೀಕ್ಷಿಸುವುದು ಬಹಳ ಖರ್ಚಿನ ಬಾಬತ್ತೆಂದು ಸರಕಾರ ಉತ್ತರ ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ ಎಕ್ಸ್‌ಪ್ಲೋರರಿನ ಒಂದು ದೋಷವನ್ನು ಬಳಸಿಕೊಂಡು ಗೂಗಲ್ ಮುಂತಾದ ಕಂಪನಿಗಳ ಮೇಲೆ ದಾಳಿ ನಡೆದದ್ದು ಬೆಳಕಿಗೆ ಬಂದು, ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಭದ್ರತಾ ಸಂಸ್ಥೆಗಳು ಸದ್ಯಕ್ಕೆ ಬೇರೆ ಬ್ರೌಸರ್ ಬಳಸಿರೆಂದು ಜನರಿಗೆ ಸಲಹೆ ಕೊಟ್ಟಿದ್ದವು.

ದಕ್ಷಿಣ ಕೊರಿಯಾದ ಅನುಭವ ಇನ್ನೂ ವಿಚಿತ್ರ. ಜಾಲದಲ್ಲಿ ಹಣದ ವ್ಯವಹಾರ ಸುರಕ್ಷಿತವಾಗಿರಲೆಂದು ಆ ದೇಶ 1990ರ ದಶಕದ ಕೊನೆಯಲ್ಲಿ ತನ್ನದೇ ಗೂಢಲಿಪಿ ವಿಧಾನವನ್ನು ರೂಪಿಸಿತು. ಅದು ಬ್ರೌಸರಿನಲ್ಲಿ ನಡೆಯಲು ಆಕ್ಟಿವ್‌ಎಕ್ಸ್ ಬೇಕಾಯಿತು. ಪರಿಣಾಮವಾಗಿ ಬ್ಯಾಂಕಿನ ಕೆಲಸಕ್ಕೆ ಇಡೀ ದೇಶವೇ ಒಂದು ಬ್ರೌಸರಿಗೆ ಕಟ್ಟುಬಿದ್ದಿತು. 2014ರಲ್ಲಿ ಕೊರಿಯಾದ ಜನಪ್ರಿಯ ಧಾರಾವಾಹಿಯೊಂದರ ನಾಯಕಿ ತೊಟ್ಟ ಕೋಟನ್ನು ಕೊಳ್ಳಲು ಬಯಸಿದ ಚೀನೀ ಅಭಿಮಾನಿಗಳು ಈ ಏರ್ಪಾಟಿನಿಂದಾಗಿ ಕೊಳ್ಳಲಾಗದೆ ಹೋದರೆಂಬ ಸಂಗತಿ ಆ ದೇಶದ ಅಧ್ಯಕ್ಷರ ಸಭೆಯಲ್ಲಿಯೇ ಚರ್ಚೆಗೆ ಬಂದಿತು. ಒಳ್ಳೆಯದಕ್ಕೆಂದು ಮಾಡಿದ ನಿಯಮವೇ ಕಾಲಿಗೆ ತೊಡರಿತ್ತು.

ಕನ್ನಡದ ಅಕ್ಷರಗಳಿಗೂ ತಟ್ಟಿದ ಬಿಸಿ

ಇದೆಲ್ಲ ದೂರದ ಮಾತೆಂದು ತಿಳಿಯಬೇಡಿ. ಜಾಲದಲ್ಲಿ ಕನ್ನಡ ಕಾಣಿಸತೊಡಗಿದ ಹೊಸತರಲ್ಲಿ ಒಂದೊಂದು ತಾಣವೂ ತನ್ನದೇ ಅಕ್ಷರಶೈಲಿಯನ್ನು ಬಳಸುತ್ತಿತ್ತು. ಆ ಫಾಂಟನ್ನು ಮೊದಲು ಇಳಿಸಿಕೊಳ್ಳದಿದ್ದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಪುಟದ ಜೊತೆಗೇ ಫಾಂಟನ್ನು ಕಳಿಸುವ ಉಪಾಯವೇನೋ ಇತ್ತು. ಆದರೆ ನೆಟ್‌ಸ್ಕೇಪಿನ ವಿಧಾನ ಒಂದು, ಎಕ್ಸ್‌ಪ್ಲೋರರಿನ ವಿಧಾನ ಇನ್ನೊಂದು. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಎಂಬಂತೆ ನಡುವೆ ನಲುಗಿದ್ದು ನಮ್ಮ ಒತ್ತಕ್ಷರಗಳು.

ಇದಕ್ಕೆ ಪರಿಹಾರ ದೊರೆತದ್ದು ಯಾವ ಒಂದು ಕಂಪನಿಗೂ ಸೇರದ ಯೂನಿಕೋಡ್ ಎಂಬ ಸಾಮಾನ್ಯ ಸಂಕೇತದಿಂದ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನೊಂದಿಗೆ ಬಂದಿತು. ಮೈಕ್ರೋಸಾಫ್ಟಿನ ಈ ಉಪಕಾರವನ್ನೂ ನಾವು ನೆನೆಯಬೇಕು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಇಂದು ಯಾವ ಬ್ರೌಸರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆಯಲ್ಲ, ಅದು ಎಲ್ಲರೂ ಒಂದು ಪ್ರಮಾಣಕ್ಕೆ ಒಪ್ಪಿದ್ದರ ಫಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ

ನೆಟ್‌ಸ್ಕೇಪ್ ನೆಟ್ಟ ಬೀಜ ಹುಸಿಯಾಗಲಿಲ್ಲ. 2004ರ ನವೆಂಬರ್ 9ರಂದು ಮೊಜಿಲ್ಲಾದ ಫೈರ್‌ಫಾಕ್ಸ್ ಬ್ರೌಸರಿನ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಅದರ ಪ್ರಚಾರಕ್ಕಾಗಿ ಜನಸಾಮಾನ್ಯರೇ ಚಂದಾ ಎತ್ತಿ, ಆ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟದ ಜಾಹೀರಾತು ಹಾಕಿಸಿದರು. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿಯ ಕ್ರೋಮ್ ಬಂದಿತು. ಅದರ ವೇಗ ಜನರನ್ನು ಸೆಳೆಯಿತು. ಗೂಗಲ್ಲಿನ ಹುಡುಕುವ ಪುಟದಲ್ಲಿ ದೊರೆತ ಪ್ರಚಾರವೂ ನೆರವಾಯಿತು.

ಇತ್ತ ಯುರೋಪಿನ ಆಯೋಗ, ವಿಂಡೋಸ್ ಬಳಸುವವರಿಗೆ ಬ್ರೌಸರುಗಳ ಪಟ್ಟಿಯನ್ನು ತೋರಿಸಿ ಆರಿಸಿಕೊಳ್ಳಲು ಬಿಡಬೇಕೆಂದು 2009ರಲ್ಲಿ ಮೈಕ್ರೋಸಾಫ್ಟಿನಿಂದ ಮಾತು ಪಡೆಯಿತು. 2011ರ ಮೇ ತಿಂಗಳಿಂದ 2012ರ ಜುಲೈವರೆಗೆ ಆ ಪಟ್ಟಿ ಒಂದೂವರೆ ಕೋಟಿ ಜನರಿಗೆ ಕಾಣಿಸಲಿಲ್ಲ. ಮಾತು ತಪ್ಪಿದ್ದಕ್ಕೆ 2013ರಲ್ಲಿ ಬಿದ್ದ ದಂಡ 56.1 ಕೋಟಿ ಯೂರೋ!

ಕಾಲಚಕ್ರ ಉರುಳಿತು. ಮೈಕ್ರೋಸಾಫ್ಟ್ ತನ್ನ ಹೊಸ ಬ್ರೌಸರ್ ಎಡ್ಜ್‌ಗೆ 2020ರಿಂದ ಗೂಗಲ್ ಮುನ್ನಡೆಸುವ ಕ್ರೋಮಿಯಂ ಅನ್ನೇ ತಳಪಾಯ ಮಾಡಿಕೊಂಡಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಕೊರಿಯಾದ ತಂತ್ರಜ್ಞರೊಬ್ಬರು ತಮಾಷೆಗಾಗಿ ಅದಕ್ಕೊಂದು ಸಮಾಧಿಗಲ್ಲನ್ನೇ ಕೆತ್ತಿಸಿದರು. ಆದರೂ ಹಳೆಯ ಋಣ ತೀರಲಿಲ್ಲ: ಹಳೆಯ ತಂತ್ರಾಂಶ ಬಿಡಲಾಗದ ಕಚೇರಿಗಳಿಗಾಗಿ ಎಡ್ಜ್‌ನೊಳಗೆ ಎಕ್ಸ್‌ಪ್ಲೋರರಿನಂತೆ ನಡೆದುಕೊಳ್ಳುವ ವ್ಯವಸ್ಥೆಯನ್ನು ಕನಿಷ್ಠ 2029ರವರೆಗೆ ಉಳಿಸುವುದಾಗಿ ಕಂಪನಿ ಹೇಳಿದೆ.

ಈಗ ಅತ್ತೆಯ ಪೀಠದಲ್ಲಿ ಗೂಗಲ್ ಕುಳಿತಿದೆ. 2022ರ ಅಕ್ಟೋಬರಿನಲ್ಲಿ ನಮ್ಮ ಭಾರತೀಯ ಸ್ಪರ್ಧಾ ಆಯೋಗವು ಮೊಬೈಲುಗಳಲ್ಲಿ ತನ್ನ ತಂತ್ರಾಂಶಗಳನ್ನೆಲ್ಲ ಒಟ್ಟಾಗಿ ಹಾಕಲು ತಯಾರಕರನ್ನು ಕಟ್ಟಿಹಾಕಿದ ಕಾರಣಕ್ಕೆ ಅದಕ್ಕೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟ್ 5ರಂದು ಹುಡುಕಾಟದ ಸೇವೆಯಲ್ಲಿ ಗೂಗಲ್ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿದೆಯೆಂದು ತೀರ್ಪಿತ್ತರು. ಬ್ರೌಸರು, ಮೊಬೈಲುಗಳಲ್ಲಿ ಮೊದಲ ಸ್ಥಾನ ಪಡೆಯಲು ಅದು 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟದ್ದು ಆ ವಿಚಾರಣೆಯಲ್ಲಿ ಹೊರಬಿದ್ದಿತ್ತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಧೀಶರು ಕ್ರೋಮನ್ನು ಮಾರಬೇಕಾಗಿಲ್ಲ, ಆದರೆ ಇತರರನ್ನು ಹೊರಗಿಡುವ ಒಪ್ಪಂದಗಳು ಕೂಡದು ಎಂದರು.

ಆ ಹಣದ ಮೊತ್ತವನ್ನು ಇನ್ನೊಮ್ಮೆ ನೋಡಿ. ಮೊದಲೇ ಸಿದ್ಧವಾಗಿರುವುದನ್ನು ನಾವು ಬದಲಿಸುವ ಗೋಜಿಗೆ ಹೋಗುವುದಿಲ್ಲ. ನಮ್ಮ ಈ ಉದಾಸೀನಕ್ಕೆ ಕಂಪನಿಗಳು ಕಟ್ಟಿರುವ ಬೆಲೆ ಅದು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಷ್ಟೋ ಜನ ಮುಂದೆ ತಂತ್ರಾಂಶ ಬರೆಯುವವರು. ಉಳಿದವರು ಅದನ್ನು ಕಚೇರಿಗಳಿಗೆ ಕೊಳ್ಳುವವರು, ಬಳಸುವವರು. ಬರೆಯುವಾಗ ಇದು ಒಂದೇ ಬ್ರೌಸರಿನಲ್ಲಿ ನಡೆಯುತ್ತದೆಯೋ ಎಲ್ಲದರಲ್ಲಿಯೋ ಎಂದು ಪರೀಕ್ಷಿಸಿ. ಕೊಳ್ಳುವಾಗ ಇದನ್ನು ಬಿಟ್ಟುಹೋಗಲು ದಾರಿ ಇದೆಯೇ ಎಂದು ಕೇಳಿ. ಹಾಗೆ ಕೇಳದೆ ಇಪ್ಪತ್ತು ವರ್ಷ ಹಿಂದೆ ಕೊಂಡವರ ಸಾಲವನ್ನು ಇಂದಿನ ಕಚೇರಿಗಳು ಇನ್ನೂ ತೀರಿಸುತ್ತಿವೆ. ಇಂದು ಸಂಜೆ ಒಂದು ಸಣ್ಣ ಪ್ರಯೋಗ ಮಾಡಿ: ನಿಮ್ಮ ಕಾಲೇಜಿನ ತಾಣವನ್ನೋ ಊರ ಪಂಚಾಯತಿಯ ತಾಣವನ್ನೋ ಬೇರೆ ಬೇರೆ ಎರಡು ಬ್ರೌಸರುಗಳಲ್ಲಿ ತೆರೆದು ನೋಡಿ. ಎರಡರಲ್ಲಿಯೂ ಸಮನಾಗಿ ನಡೆದರೆ ಅದನ್ನು ಬರೆದವರನ್ನು ಮನಸ್ಸಿನಲ್ಲಿಯೇ ವಂದಿಸಿ. ನಡೆಯದಿದ್ದರೆ ಏಕೆಂದು ಕೇಳಿ ಒಂದು ಪತ್ರ ಬರೆಯಿರಿ.